ಪ್ರೇಮಕ್ಕೊಂದು ಎರವಲು ಹೆಸರು

ಅನುವಾದಕ್ಕೆ ಕೂತಾಗ ಕೆಲವು ಪದಗಳು ದಾರಿಗೆ ಅಡ್ಡ ನಿಂತುಬಿಡುತ್ತವೆ. ನನಗೆ ಹಾಗೆ ಅಡ್ಡ ನಿಂತದ್ದು 'ಅಫೇರ್ ದ ಕರ್' ಎಂಬ ಫ್ರೆಂಚ್ ನುಡಿಗಟ್ಟು. ಹಳೆಯ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಇಬ್ಬರು ಗಂಡಸರು ಊಟ ಮುಗಿಸಿ, ಅಲ್ಲಿಲ್ಲದ ಮೂರನೆಯವನೊಬ್ಬನ ಬಗ್ಗೆ ಆಡಿಕೊಳ್ಳುತ್ತಾರೆ. ಆ ಮಾತಿನ ನಡುವೆ ಈ ಪದಗಳು ಓರೆ ಅಕ್ಷರದಲ್ಲಿ ಅಚ್ಚಾಗಿದ್ದವು. 'ಪ್ರೇಮ ಪ್ರಸಂಗ' ಎಂದು ಬರೆದೆ. ಕನ್ನಡದ ಕಿವಿಗೆ ಪ್ರಸಂಗ ಎಂದರೆ ಮೊದಲು ಯಕ್ಷಗಾನ, ಚೆಂಡೆ ಮದ್ದಳೆ. ಆ ಗಂಡಸರ ಪಿಸುದನಿ ಅದರಲ್ಲಿ ಬರಲಿಲ್ಲ. ಪದ ಪದ ಬಿಡಿಸಿ 'ಹೃದಯದ ವ್ಯವಹಾರ' ಎಂದು ಬರೆದೆ. ಅದು ಯಾವ ಕನ್ನಡಿಗರ ಬಾಯಲ್ಲೂ ಇಲ್ಲದ ಮಾತು. 'ಅಫೇರ್' ಎಂದೇ ಬಿಟ್ಟರೆ ಇನ್ನೂರು ವರ್ಷದ ಹಿಂದಿನ ಆ ಮನೆ ಒಮ್ಮೆಲೇ ಇವತ್ತಿನ ಟೀವಿ ಸುದ್ದಿಯಾಯಿತು. ಕೊನೆಗೆ ಆ ಜಾಗ ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹೋದೆ.

ಆ ಖಾಲಿ ಜಾಗ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಇಂಗ್ಲಿಷಿನಲ್ಲಿ ಪ್ರೀತಿಗೆ 'ಲವ್' ಇದೆ, ಹೃದಯಕ್ಕೆ 'ಹಾರ್ಟ್' ಇದೆ, ಮುತ್ತಿಗೆ 'ಕಿಸ್' ಇದೆ. ಮೂರೂ ಆ ನೆಲದ ಹಳೆಯ ಪದಗಳು. ಆದರೆ ಪ್ರೀತಿ ಗುಟ್ಟಾಗಿ ಹಿತ್ತಲ ಬಾಗಿಲಿಂದ ಹೊರಟ ಕೂಡಲೇ ಆ ಭಾಷೆ ಫ್ರೆಂಚಿನ ಕಡೆ ಕೈ ಚಾಚುತ್ತದೆ. ಅಫೇರ್, ಅಮೂರ್, ಪ್ಯಾರಮೂರ್, ಲಿಯೇಸನ್, ರಾಂಡೆವೂ, ಪ್ರೇಮಪತ್ರಕ್ಕೆ ಬಿಯೆ-ದೂ, ಇಬ್ಬರೇ ಕೂತು ಆಡುವ ಮಾತಿಗೆ ತೆತ್-ಆ-ತೆತ್, ಗಂಡಸನ್ನು ಹಾಳು ಮಾಡುವ ಹೆಣ್ಣಿಗೆ ಫಾಮ್ ಫತಾಲ್. ಯಾಕೆ ಹೀಗೆ ಎಂದು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ: ಫ್ರೆಂಚರು ರಸಿಕರು, ಇಂಗ್ಲಿಷರು ಸಂಕೋಚದವರು. ನಾನೂ ಇದನ್ನು ಬಹಳ ಕಾಲ ನಂಬಿದ್ದೆ. ಈ ಪದಗಳ ಜಾತಕವನ್ನು ಒಂದೊಂದಾಗಿ ತೆಗೆದು ನೋಡಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಇಲ್ಲಿ ನಡೆದಿರುವುದು ಅಂತಸ್ತಿನ ಕೆಲಸ ಎಂಬುದು ಈಗ ನನ್ನ ಅಭಿಪ್ರಾಯ. ಒಂದೇ ತಪ್ಪಿಗೆ ಉಳ್ಳವರ ಮನೆಯಲ್ಲಿ ಒಂದು ಹೆಸರು, ಇಲ್ಲದವರ ಮನೆಯಲ್ಲಿ ಇನ್ನೊಂದು ಹೆಸರು.

'ಅಫೇರ್' ಪದದ ಹುಟ್ಟು ತೀರ ಸಾದಾ. ಫ್ರೆಂಚಿನಲ್ಲಿ 'ಆ ಫೇರ್' ಎಂದರೆ 'ಮಾಡಬೇಕಾದದ್ದು'. ಎರಡು ಪದ ಕೂಡಿ ಒಂದಾಗಿ ಕೆಲಸ, ಸಂಗತಿ, ವ್ಯವಹಾರ ಎಂಬ ಅರ್ಥ ಬಂತು. ಇವತ್ತಿಗೂ ಫ್ರಾನ್ಸಿನಲ್ಲಿ ಅದರ ಬಾಳು ಹಾಗೆಯೇ ಇದೆ. ವ್ಯಾಪಾರಿ 'ಅಫೇರ್'ಗಳ ಮನುಷ್ಯ. ಅಗ್ಗಕ್ಕೆ ಸಿಕ್ಕಿದ ಕುರ್ಚಿ ಒಳ್ಳೆಯ 'ಅಫೇರ್'. ಕೋಣೆಯ ತುಂಬ ಬಟ್ಟೆ, ಪುಸ್ತಕ ಹರಡಿಕೊಂಡ ಮಗುವಿಗೆ ತಾಯಿ ನಿನ್ನ 'ಅಫೇರ್'ಗಳನ್ನು ಎತ್ತಿಡು ಎಂದು ಗದರುತ್ತಾಳೆ. 1894ರಲ್ಲಿ ಸೇನಾಧಿಕಾರಿ ಡ್ರೈಫಸ್ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿದ ಕತೆ ಅಲ್ಲಿ 'ಡ್ರೈಫಸ್ ಅಫೇರ್', ನಮ್ಮಲ್ಲಿ ಡ್ರೈಫಸ್ ಪ್ರಕರಣ. ಪ್ರೇಮಕ್ಕೆ ಬಳಸಬೇಕಾದರೆ 'ಹೃದಯದ' ಎಂಬ ವಿಶೇಷಣ ಜೊತೆಗಿರಲೇಬೇಕು, ಹಾಗೆ ಹೇಳಿದರೂ ಅದು ಈಗ ಹಳಬರ ಮಾತು. ಬರಿಯ 'ಅಫೇರ್' ಎಂದರೆ ಪ್ಯಾರಿಸಿನವರು ಯಾವ ವ್ಯಾಪಾರ ಎಂದೇ ಕೇಳಿಯಾರು. ಇಂಥದ್ದಕ್ಕೆ ಅವರ ಬಾಯಲ್ಲಿರುವುದು ಲಿಯೇಸನ್. ಇಲ್ಲವೇ 'ಸಾಹಸ', 'ಕತೆ' ಎಂಬರ್ಥದ ಪದಗಳು. ಅವನಿಗೂ ಅವಳಿಗೂ ಒಂದು ಕತೆ ಇತ್ತು ಅನ್ನುತ್ತಾರೆ.

ಇಂಗ್ಲಿಷಿಗೆ ಈ ಪದ ಬಂದದ್ದು ಸುಮಾರು 1300ರ ಹೊತ್ತಿಗೆ, ಆಗ ಅದರ ಅರ್ಥ ದಿನದ ಕೆಲಸ ಮಾತ್ರ. ಶೇಕ್ಸ್‌ಪಿಯರನ 'ಟೂ ಜೆಂಟಲ್‌ಮನ್ ಆಫ್ ವೆರೋನಾ' ನಾಟಕದಲ್ಲಿ, ಅಂದರೆ 1590ರ ದಶಕದಲ್ಲಿ, 'ಲವ್' ಮತ್ತು 'ಅಫೇರ್' ಜೋಡಿಯಾಗಿ ಕಾಣಿಸಿಕೊಳ್ಳುತ್ತವೆ. ಮುಂದಿನ ಶತಮಾನಗಳಲ್ಲಿ 'ಲವ್' ಕಳಚಿ ಬಿತ್ತು, 'ಅಫೇರ್' ಒಂದೇ ಉಳಿದು ಆ ಗುಟ್ಟನ್ನೆಲ್ಲ ಹೊತ್ತುಕೊಂಡಿತು. 19ನೇ ಶತಮಾನದಲ್ಲಿ ಫ್ಯಾಶನ್ ಬಲ್ಲ ಜನ ಅದನ್ನು ಮತ್ತೆ ಫ್ರೆಂಚ್ ರೂಪದಲ್ಲೇ, ಕೊನೆಯ ಅಕ್ಷರ ಸೇರಿಸಿ, 'ದ ಕರ್' ಬಾಲ ಹಚ್ಚಿ ಬಳಸಿದರು. ಅದರ ಪಕ್ಕದಲ್ಲೇ ಇನ್ನೊಂದು 'ಅಫೇರ್' ಇತ್ತು: ಮಾನದ ವ್ಯವಹಾರ, ಅಂದರೆ ದ್ವಂದ್ವಯುದ್ಧ. ಬೆಳಗಿನ ಜಾವ ಇಬ್ಬರು ಪಿಸ್ತೂಲು ಹಿಡಿದು ಎದುರುಬದುರು ನಿಲ್ಲುವುದು. ದೊಡ್ಡ ಮನೆತನದ ಗಂಡಸರು ಕಾನೂನು ಮೀರಿ ಮಾಡುತ್ತಿದ್ದ ಎರಡು ಕೆಲಸಕ್ಕೂ ಹೊದಿಕೆಯಾಗಿದ್ದು ಒಂದೇ ಪದ. ಇದು ನನಗೆ ಮೊದಲು ಸಿಕ್ಕ ಸುಳಿವು.

ಸುಳಿವಿನ ಬೇರು 1066ರಲ್ಲಿದೆ. ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಸುಮಾರು ಮುನ್ನೂರು ವರ್ಷ ಅರಮನೆ, ನ್ಯಾಯಾಲಯ, ಜಮೀನುದಾರರ ಮನೆಗಳಲ್ಲಿ ಫ್ರೆಂಚ್ ನಡೆಯಿತು. ನ್ಯಾಯಾಲಯದಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾಯ್ದೆ ಬಂದದ್ದು 1362ರಲ್ಲಿ. ಆ ಕಾಲದಲ್ಲಿ ಹೊಲದವನು, ದನ ಕಾಯುವವನು, ಅಡುಗೆಯವಳು ಆಡಿದ್ದು ಇಂಗ್ಲಿಷ್. ಕೊಟ್ಟಿಗೆಯ ದನಕ್ಕೆ ಇಂಗ್ಲಿಷ್ ಹೆಸರು, ತಟ್ಟೆಗೆ ಬಂದ ಮಾಂಸಕ್ಕೆ ಫ್ರೆಂಚ್ ಹೆಸರು ಎಂಬುದನ್ನು ಶಾಲೆಯ ಮೇಷ್ಟ್ರುಗಳೂ ಹೇಳುತ್ತಾರೆ. ಪ್ರೀತಿಯ ಪದಗಳಲ್ಲೂ ಅದೇ ಹಂಚಿಕೆ ನಡೆದಿದೆ. 'ವೈಫ್', 'ವೆಡಿಂಗ್' ನೆಲದ ಪದಗಳು. 'ಮ್ಯಾರೇಜ್', 'ಸ್ಪೌಸ್', 'ಡಿವೋರ್ಸ್' ಫ್ರೆಂಚ್ ದಾರಿಯಲ್ಲಿ ಬಂದವು. ಇವು ಕಳ್ಳ ಪ್ರೇಮದ ಪದಗಳಲ್ಲವಲ್ಲ, ಚರ್ಚು ಮತ್ತು ಕಾನೂನಿನ ಪದಗಳು. ರಸಿಕತೆಯ ಉತ್ತರ ಇಲ್ಲೇ ಬಿದ್ದುಹೋಗುತ್ತದೆ. ಮದುವೆ ಎಂಬ ಗಂಭೀರ ಸಂಸ್ಥೆಗೂ ಇಂಗ್ಲಿಷಿನಲ್ಲಿ ಫ್ರೆಂಚ್ ಹೆಸರೇ ಇದೆ, ಯಾಕೆಂದರೆ ಆಸ್ತಿ, ವಾರಸುದಾರಿಕೆ ಬರೆಯುವವರ ಭಾಷೆ ಅದಾಗಿತ್ತು.

'ಅಮೂರ್' ಪದದ ಪಾಡು ಇದಕ್ಕಿಂತ ವಿಚಿತ್ರ. ಸುಮಾರು 1300ರಲ್ಲಿ ಇಂಗ್ಲಿಷಿಗೆ ಬಂದಾಗ ಅದು ಪ್ರೀತಿ ಎಂಬ ಸಾದಾ ಪದ. ನೂರಾರು ವರ್ಷ ಬಾಳಿ, ಇಂಗ್ಲಿಷಿನ ನಡೆಗೆ ಒಗ್ಗಿ, ಒತ್ತು ಮೊದಲ ಅಕ್ಷರಕ್ಕೆ ಸರಿಯಿತು, ಅಂದರೆ ಮನೆಮಗುವಾಯಿತು. ಆಮೇಲೆ ಕಳ್ಳ ಪ್ರೇಮ ಎಂಬ ಅರ್ಥ ಮುಂದಾದಾಗ ಒತ್ತು ಮತ್ತೆ ಕೊನೆಯ ಅಕ್ಷರಕ್ಕೆ, ಫ್ರೆಂಚ್ ರೀತಿಗೆ ಮರಳಿತು. ನಾಲ್ಕು ತಲೆಮಾರು ಮನೆಯಲ್ಲಿ ಬೆಳೆದವನನ್ನು ಒಂದು ದಿನ ಇವನು ನಮ್ಮವನಲ್ಲ ಎಂದು ಜಗಲಿಗೆ ಕೂರಿಸಿದ ಹಾಗೆ. ಪದವೊಂದನ್ನು ಬೇಕೆಂತಲೇ ಪರದೇಶಿ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

'ಪ್ಯಾರಮೂರ್' ಇನ್ನೂ ಕೆಳಗೆ ಬಿತ್ತು. 'ಪಾರ್ ಅಮೂರ್' ಎಂದರೆ 'ಪ್ರೀತಿಯಿಂದ'. 14ನೇ ಶತಮಾನದ ಇಂಗ್ಲಿಷ್ ಭಕ್ತಿ ಸಾಹಿತ್ಯದಲ್ಲಿ ಭಕ್ತೆಗೆ ಕ್ರಿಸ್ತನೇ ಪ್ಯಾರಮೂರ್, ಭಕ್ತನಿಗೆ ಮೇರಿಮಾತೆ. ದೇವರನ್ನು ನಲ್ಲನೆಂದು ಕರೆಯುವುದು ಅಕ್ಕಮಹಾದೇವಿಯನ್ನು ಓದಿದ ನಮಗೆ ಹೊಸದೇನಲ್ಲ. ಅದೇ ಶತಮಾನ ಮುಗಿಯುವಷ್ಟರಲ್ಲಿ ಆ ಪದಕ್ಕೆ ಗುಟ್ಟಿನ ಪ್ರೇಮಿ, ಉಪಪತ್ನಿ ಎಂಬ ಅರ್ಥ ಅಂಟಿಕೊಂಡಿತು. ಇಂಗ್ಲೆಂಡಿನಲ್ಲಿ ಈಗ ಅದು ಹಳೆಯ ಪುಸ್ತಕದ ಪದ. ಆದರೆ ಭಾರತದ ಇಂಗ್ಲಿಷ್ ಪತ್ರಿಕೆಗಳ ಅಪರಾಧ ಪುಟದಲ್ಲಿ ಗಟ್ಟಿಯಾಗಿ ಬದುಕಿದೆ. ಕನ್ನಡ ಪತ್ರಿಕೆಗಳಲ್ಲಿ ಅದರ ಜಾಗಕ್ಕೆ 'ಪ್ರಿಯಕರ' ಬಂದಿದ್ದಾನೆ. ಪ್ರಿಯವಾದುದನ್ನು ಮಾಡುವವನು ಎಂಬ ಚೆಂದದ ಪದ ಅದು. ಇವತ್ತು ಶೀರ್ಷಿಕೆಯಲ್ಲಿ ಪ್ರಿಯಕರ ಎಂದು ಕಂಡರೆ ಓದುಗರ ಕಣ್ಣು ಮುಂದಿನ ಪದ ಕೊಲೆಯೇ ಎಂದು ಹುಡುಕುತ್ತದೆ. ಆ ಪದಕ್ಕೆ ನಾವು ಮಾಡಿದ ಅನ್ಯಾಯ ಸಣ್ಣದಲ್ಲ.

ಫ್ರೆಂಚ್ ಪದಗಳ ಎರಡನೆಯ ಪ್ರವಾಹ ಬಂದದ್ದು 1660ರಲ್ಲಿ, ಎರಡನೇ ಚಾರ್ಲ್ಸ್ ದೇಶಾಂತರ ಮುಗಿಸಿ ಸಿಂಹಾಸನಕ್ಕೆ ಮರಳಿದಾಗ. ಅವನ ತಾಯಿ ಫ್ರೆಂಚ್ ರಾಜಕುಮಾರಿ. ಅವನೂ ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಕಳೆದವನು. ಅವನ ಪ್ರೇಯಸಿಯರಲ್ಲಿ ಬ್ರಿಟನಿಯಿಂದ ಬಂದ ಲೂಯಿಸ್ ದ ಕೆರುವಾಲ್ 1673ರಲ್ಲಿ ಡಚೆಸ್ ಪದವಿಗೇರಿದಳು. ರಾಜನ ಹಾಸಿಗೆ ಮನೆಯ ಸುದ್ದಿಯೇ ಆಸ್ಥಾನದ ಸುದ್ದಿಯಾದಾಗ ಅದನ್ನು ಆಡಲು ಮರ್ಯಾದೆಯ ಮಾತು ಬೇಕಾಯಿತು.

ಆ ಕಾಲವನ್ನು ಹತ್ತಿರದಿಂದ ಕಾಣಬೇಕಾದರೆ ಜಾನ್ ಡ್ರೈಡನ್ ಬರೆದು 1673ರಲ್ಲಿ ಅಚ್ಚಾದ 'ಮ್ಯಾರೇಜ್ ಆ ಲಾ ಮೋಡ್' ನಾಟಕ ಓದಬೇಕು. ಅದರಲ್ಲಿ ಮೆಲಾಂತಾ ಎಂಬ ಹೆಣ್ಣುಮಗಳಿದ್ದಾಳೆ. ಆಸ್ಥಾನದಲ್ಲಿ ಎಲ್ಲರಿಗಿಂತ ಮೊದಲು ಹೊಸ ಫ್ರೆಂಚ್ ಪದ ತನ್ನ ಬಾಯಿಂದಲೇ ಬರಬೇಕೆಂಬ ಆಸೆ ಅವಳಿಗೆ. ಅದಕ್ಕೆಂದೇ ದಾಸಿ ಫಿಲೋಟಿಸ್ ದಿನದ ಪದಗಳನ್ನು ಹುಡುಕಿ ಕಾಗದದಲ್ಲಿ ಬರೆದು ತರುತ್ತಾಳೆ. ಒಂದು ದಿನ ಹದಿನಾಲ್ಕೋ ಹದಿನೈದೋ ಪದ ಮಾತ್ರ ತಂದಾಗ ಇಷ್ಟರಲ್ಲಿ ರಾತ್ರಿಯವರೆಗೆ ಹೇಗೆ ನಡೆಸಲಿ ಎಂದು ಮೆಲಾಂತಾ ಕಂಗಾಲಾಗುತ್ತಾಳೆ. ಆಮೇಲೆ ಪಟ್ಟಿ ಕೈಗೆತ್ತಿಕೊಂಡು, ದಾಸಿಯ ಕೈಗೆ ಕನ್ನಡಿ ಕೊಟ್ಟು, ಪದಕ್ಕೆ ತಕ್ಕ ಹಾವಭಾವ ಅಭ್ಯಾಸ ಮಾಡುತ್ತಾಳೆ. ಪ್ರೇಕ್ಷಕರು ಅವಳನ್ನು ನೋಡಿ ನಕ್ಕಿರಬೇಕು. ಆದರೆ ಆ ಪಟ್ಟಿಯ ಪದಗಳನ್ನೊಮ್ಮೆ ನೋಡಿ: ನಯೀವ್, ಪೆನ್ಷಂಟ್, ಫಾಯಿಬಲ್, ಗ್ರಿಮೇಸ್, ಡಬಲ್ ಆಂತಾಂದ್ರ. ನಮ್ಮ ಕಾಲೇಜು ಹುಡುಗರು ಪರೀಕ್ಷೆಗೆಂದು ಕಲಿಯುವ ಇಂಗ್ಲಿಷ್ ಪದಗಳು ಇವು. ಮೆಲಾಂತಾ ಸೋಲಲಿಲ್ಲ, ಅವಳ ಕಾಗದ ನಿಘಂಟಾಯಿತು.

ನಾಟಕದ ಕಥೆಯೂ ನಮ್ಮ ವಿಷಯದ್ದೇ. ಮದುವೆಯಾಗಿ ಬೇಸತ್ತ ಗಂಡ, ಮೆಲಾಂತಾಳ ಮೇಲೆ ಕಣ್ಣಿಟ್ಟಿದ್ದಾನೆ. ಮೆಲಾಂತಾಳಿಗೆ ನಿಶ್ಚಯವಾದವನು, ಅವನ ಹೆಂಡತಿಯ ಮೇಲೆ ಕಣ್ಣಿಟ್ಟಿದ್ದಾನೆ. ನನಗೆ ಮನಸ್ಸಿನಲ್ಲಿ ಉಳಿದವಳು ಫಿಲೋಟಿಸ್. ಪದ ಹುಡುಕಿ ತರುವವಳು ಅವಳು. ಆ ಪದಗಳನ್ನು ಅವಳೇ ಆಡಿದರೆ ಆ ಆಸ್ಥಾನದಲ್ಲಿ ಕೇಳುವವರಿರಲಿಲ್ಲ.

ನೂರು ವರ್ಷ ಮುಂದೆ ಬಂದರೆ ಲಾರ್ಡ್ ಚೆಸ್ಟರ್‌ಫೀಲ್ಡ್ ಸಿಗುತ್ತಾನೆ. ಮಗನಿಗೆ ಅವನು ಬರೆದ ಪತ್ರಗಳು 1774ರಲ್ಲಿ ಪ್ರಕಟವಾದವು. ಪ್ಯಾರಿಸಿನಲ್ಲಿದ್ದ ಹುಡುಗನಿಗೆ ಅಪ್ಪ ಹೇಳಿಕೊಡುವುದೇನೆಂದರೆ, ಅಲ್ಲಿನ ದೊಡ್ಡ ಮನೆಯ ಹೆಂಗಸಿಗೆ ಬಂಗಲೆ, ಸಾರೋಟು ಇರುವ ಹಾಗೆ ಒಂದು 'ಅರೇಂಜ್‌ಮೆಂಟ್' ಕೂಡ ಇರಲೇಬೇಕು. ಸರಳ ಇಂಗ್ಲಿಷಿನಲ್ಲಿ ಹೇಳುವುದಾದರೆ 'ಗ್ಯಾಲಂಟ್ರಿ' ಎಂದು ಅರ್ಥವನ್ನೂ ಬಿಡಿಸುತ್ತಾನೆ. ಆ 'ಸರಳ ಇಂಗ್ಲಿಷ್' ಪದವೂ ಫ್ರೆಂಚಿನದೇ. ಒಂದು ಮುಸುಕು ತೆಗೆದರೆ ಒಳಗೆ ಇನ್ನೊಂದು ಮುಸುಕು. ಅಪ್ಪ ಮಗನಿಗೆ ಹೀಗೆ ಬರೆಯಲು ಸಾಧ್ಯವಾದದ್ದು ಆ ಮುಸುಕಿನ ಬಲದಿಂದ. ಆ ಮಗನೂ ಚೆಸ್ಟರ್‌ಫೀಲ್ಡನ ಮದುವೆಯ ಹೊರಗೆ ಹುಟ್ಟಿದವನು.

ಈಗ 'ಲಿಯೇಸನ್'ಗೆ ಬರೋಣ. ಈ ಎಲ್ಲ ಪದಗಳಲ್ಲಿ ನನಗೆ ತುಂಬ ಹತ್ತಿರದ್ದು ಇದು. ಫ್ರೆಂಚಿನಲ್ಲಿ 'ಲಿಯೇ' ಎಂದರೆ ಕಟ್ಟು, ಬಿಗಿ. ಲ್ಯಾಟಿನಿನ 'ಲಿಗಾರೆ'ಯಿಂದ ಬಂದದ್ದು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಮೊದಲು ಬಂದಾಗ ಇದು ಅಡುಗೆಮನೆಯ ಪದ. ನಾವು ಸಾರು ನೀರಾಯಿತೆಂದು ಅಕ್ಕಿಹಿಟ್ಟು ಕದಡಿ ಬಿಡುತ್ತೇವಲ್ಲ, ಹಾಗೆ ಅವರು ಸಾಸ್ ಗಟ್ಟಿಯಾಗಲೆಂದು ಮೊಟ್ಟೆಯ ಹಳದಿ ಬೆರೆಸುವುದಕ್ಕೆ ಲಿಯೇಸನ್ ಎಂದು ಹೆಸರು. ಫ್ರೆಂಚ್ ವ್ಯಾಕರಣದಲ್ಲೂ ಅದೇ ಹೆಸರಿನ ಪ್ರಕ್ರಿಯೆಯೊಂದಿದೆ. 'ಲೆ' ಎಂದಾಗ ಕೊನೆಯ ವ್ಯಂಜನ ಮೌನ. 'ಅಮಿ', ಅಂದರೆ ಗೆಳೆಯರು, ಜೊತೆಗೆ ಬಂದರೆ ಆ ಮೌನ ವ್ಯಂಜನ ಎದ್ದು 'ಲೆಜಮಿ' ಆಗುತ್ತದೆ. ಸಂಧಿ ಕಲಿತ ಕನ್ನಡದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೌನವಾಗಿದ್ದದ್ದು ಇನ್ನೊಂದರ ಸನಿಹದಲ್ಲಿ ದನಿ ಪಡೆಯುವುದು. ಪ್ರೇಮಕ್ಕೆ ಇಷ್ಟು ಒಪ್ಪುವ ವ್ಯಾಕರಣ ಬೇರೊಂದಿದೆಯೋ ಇಲ್ಲವೋ.

1782ರಲ್ಲಿ ಫಿರಂಗಿ ದಳದ ಅಧಿಕಾರಿ ಶೋದೆರ್ಲೋ ದ ಲಾಕ್ಲೊ 175 ಪತ್ರಗಳ ಕಾದಂಬರಿಯೊಂದನ್ನು ಪ್ರಕಟಿಸಿದ. ಹೆಸರು 'ಲೆ ಲಿಯೇಸನ್ ದಾಂಜರೂಸ್'. ಇಬ್ಬರು ಶ್ರೀಮಂತರು, ಒಂದು ಕಾಲದ ಪ್ರೇಮಿಗಳು, ಬೇರೆಯವರನ್ನು ಪ್ರೇಮದ ಬಲೆಗೆ ಕೆಡವುವುದನ್ನೇ ಪಂದ್ಯ ಮಾಡಿಕೊಂಡು ಎಲ್ಲರನ್ನೂ ಹಾಳು ಮಾಡುವ ಕತೆ. ಎರಡೇ ವರ್ಷದಲ್ಲಿ, 1784ರಲ್ಲಿ, ಅದರ ಇಂಗ್ಲಿಷ್ ಅನುವಾದ ಬಂತು. ಅಲ್ಲಿ ಹೆಸರು 'ಡೇಂಜರಸ್ ಕನೆಕ್ಷನ್ಸ್'. ಆಗಿನ್ನೂ ಇಂಗ್ಲಿಷಿನಲ್ಲಿ ಲಿಯೇಸನ್ ಎಂದರೆ ಸಾಸಿನ ಹಳದಿ, ಪ್ರೇಮದ ಅರ್ಥ ಬೇರೂರಿರಲಿಲ್ಲ. 1924ರಲ್ಲಿ ರಿಚರ್ಡ್ ಆಲ್ಡಿಂಗ್ಟನ್ ಅದನ್ನು 'ಡೇಂಜರಸ್ ಅಕ್ವೈಂಟನ್ಸಸ್' ಎಂದು ಮಾಡಿದ. ಅಪಾಯದ ಪರಿಚಯಗಳು, ಮಾತು ಇನ್ನೂ ತೆಳುವಾಯಿತು. 1988ರಲ್ಲಿ ಸ್ಟೀಫನ್ ಫ್ರಿಯರ್ಸ್ ಸಿನಿಮಾ ಮಾಡುವಾಗ 'ಡೇಂಜರಸ್ ಲಿಯೇಸನ್ಸ್' ಎಂದು ಫ್ರೆಂಚ್ ಪದಕ್ಕೇ ಮರಳಿದರು. ಇನ್ನೂರು ವರ್ಷ ಹುಡುಕಿದರೂ ಒಂದು ಭಾಷೆಗೆ ತನ್ನದೇ ಪದ ಸಿಗಲಿಲ್ಲ. ಅಷ್ಟರಲ್ಲಿ ಎರವಲು ಪದವೇ ಮನೆಯದಾಗಿತ್ತು. ಅನುವಾದಕ್ಕೆ ಕೈಹಾಕಿದ ಯಾರಿಗೂ ಇದು ಸಮಾಧಾನ ಕೊಡುವ ಕತೆ. ಈ ಪದವೇ ಸೇನೆಯ ಮೂಲಕ ನಮ್ಮ ಕಚೇರಿಗಳಿಗೂ ಬಂದು 'ಲೈಸನ್ ಆಫೀಸರ್' ಆಗಿ ಫೈಲು ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತುತ್ತಿದೆ.

ಫ್ರೆಂಚ್ ಪದ ಹೇಗೆ ತಪ್ಪನ್ನು ತೊಳೆಯುತ್ತದೆ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಕಂಡವಳು ಜೇನ್ ಆಸ್ಟಿನ್. 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಪ್ರಕಟವಾದ 1814ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಎರಡು ದಶಕದ ಯುದ್ಧ ಇನ್ನೂ ಪೂರ್ತಿ ಮುಗಿದಿರಲಿಲ್ಲ, ವಾಟರ್ಲೂ ಕದನ ನಡೆದದ್ದು ಮರುವರ್ಷ. ಕಾದಂಬರಿಯಲ್ಲಿ ಮದುವೆಯಾದ ಮರಾಯಾ, ಹೆನ್ರಿ ಕ್ರಾಫರ್ಡ್ ಜೊತೆ ಓಡಿಹೋಗುತ್ತಾಳೆ. ಸುದ್ದಿ ಹೊರಬೀಳುವ ಹೊತ್ತಿಗೆ ಹೆನ್ರಿಯ ತಂಗಿ ಮೇರಿ, ಹೆನ್ರಿ ಮದುವೆಯಾಗಬೇಕೆಂದು ಕೇಳಿದ್ದ ಫ್ಯಾನಿಗೆ ಪತ್ರ ಬರೆಯುತ್ತಾಳೆ. ಅಣ್ಣನ ತಪ್ಪೇನೂ ಇಲ್ಲ, ಒಂದು ಕ್ಷಣದ 'ಎತೂರ್ದರಿ' ಅಷ್ಟೇ ಎನ್ನುತ್ತಾಳೆ. ಎತೂರ್ದರಿ ಎಂದರೆ ಹುಡುಗಾಟದ ಮೈಮರೆವು, ಹಾಲು ಉಕ್ಕಿಸಿದಂಥ ಅಜಾಗ್ರತೆ. ಒಂದು ಮನೆ ಮುರಿದಿದೆ. ಒಬ್ಬ ಹೆಣ್ಣಿನ ಬದುಕು ಮುಗಿದಿದೆ. ಅದೆಲ್ಲವೂ ಆ ಒಂದು ಪದದಲ್ಲಿ ಹತ್ತಿಯಷ್ಟು ಹಗುರವಾಗುತ್ತದೆ. ಫ್ಯಾನಿಗೆ ಅಂಥ ಪದ ಗೊತ್ತಿಲ್ಲ, ಅವಳಿಗೆ ಅದು ಪಾಪ. ಆಸ್ಟಿನ್ ಇಲ್ಲಿ ಭಾಷಣ ಮಾಡುವುದಿಲ್ಲ, ಪದವನ್ನು ಮೇರಿಯ ಕೈಯಲ್ಲಿ ಬರೆಸಿ ಸುಮ್ಮನಾಗುತ್ತಾಳೆ. ಕಾದಂಬರಿಯ ಕೊನೆಗೆ ಮರಾಯಾ ದೂರದ ಮನೆಯೊಂದರಲ್ಲಿ ದೊಡ್ಡಮ್ಮನೊಂದಿಗೆ ದಿನ ತಳ್ಳಬೇಕಾಗುತ್ತದೆ. ಹೆನ್ರಿಗೆ ಅಂಥ ಶಿಕ್ಷೆ ಇಲ್ಲ. ಹಗುರ ಪದದ ಲಾಭ ಸಿಕ್ಕಿದ್ದು ಗಂಡಸಿಗೆ.

ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕಿದ್ದ ಹೆಸರು 'ಕ್ರಿಮಿನಲ್ ಕಾನ್ವರ್ಸೇಶನ್'. ಹೆಂಡತಿಯ ಪ್ರೇಮಿಯ ಮೇಲೆ ಗಂಡ ದಾವೆ ಹಾಕಿ ನಷ್ಟ ಪರಿಹಾರ ವಸೂಲಿ ಮಾಡಬಹುದಿತ್ತು. ಹೆಂಡತಿ ಆ ದಾವೆಯಲ್ಲಿ ಕಕ್ಷಿಯೇ ಅಲ್ಲ. 1857ರಲ್ಲಿ ಅದು ರದ್ದಾಯಿತು. ಅದೇ ಯೋಚನೆ ಸಮುದ್ರ ದಾಟಿ 1860ರ ಭಾರತೀಯ ದಂಡ ಸಂಹಿತೆಯ 497ನೇ ಕಲಮಿನಲ್ಲಿ ಬಹುಕಾಲ ಉಳಿಯಿತು. ಗಂಡನ ಒಪ್ಪಿಗೆ ಇದ್ದರೆ ಅಪರಾಧವಿಲ್ಲ, ಹೆಂಡತಿ ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದು 2018ರ ಸೆಪ್ಟೆಂಬರಿನಲ್ಲಿ.

ಬಡವರ ಮನೆಗೆ ಬಂದರೆ ಫ್ರೆಂಚ್ ಪದಗಳು ನಿಂತುಬಿಡುತ್ತವೆ. ಥಾಮಸ್ ಹಾರ್ಡಿಯ 'ಟೆಸ್' 1891ರಲ್ಲಿ ಬಂತು. ಟೆಸ್‌ಳ ತಂದೆ ಡರ್ಬಿಫೀಲ್ಡ್ ಬಡ ವ್ಯಾಪಾರಿ. ನಿನ್ನ ಹಿರಿಯರು ವಿಲಿಯಂ ಜೊತೆ ನಾರ್ಮಂಡಿಯಿಂದ ಬಂದ ಡರ್ಬರ್ವಿಲ್ ವಂಶದ ವೀರರು ಎಂದು ಪಾದ್ರಿಯೊಬ್ಬ ಅವನಿಗೆ ಹೇಳುವಲ್ಲಿಂದ ಕತೆ ಶುರು. ಫ್ರೆಂಚ್ ಹೆಸರು ಬಡವರ ಬಾಯಲ್ಲಿ ಸವೆದು ಡರ್ಬಿಫೀಲ್ಡ್ ಆಗಿದೆ. ಹಣವಂತ ಅಲೆಕ್‌ನ ತಂದೆಯೋ ಆ ಹೆಸರನ್ನು ಎತ್ತಿಕೊಂಡು ತನ್ನ ಹೆಸರಿಗೆ ಅಂಟಿಸಿಕೊಂಡವನು. ಅಲೆಕ್ ಟೆಸ್‌ಳನ್ನು ಕೆಡಿಸುತ್ತಾನೆ. ಅವನ ಪಾಲಿಗೆ ಅದು ಯೌವನದ ಆಟವಾಗಿ ಕಳೆಯುತ್ತದೆ. ಅವಳ ಪಾಲಿಗೆ ಬರುವುದು ಕಳಂಕ, ಸತ್ತ ಮಗು, ಕೊನೆಗೆ ನೇಣು. ಹೊಲದಲ್ಲಿ ದುಡಿಯುವ ಹೆಣ್ಣಿಗೆ ಎರವಲು ಪದದ ನೆರಳು ಸಿಗುವುದಿಲ್ಲ.

ಹಾಗಾದರೆ ಫ್ರೆಂಚರ ರಸಿಕತೆ ಬರಿ ಕಟ್ಟುಕತೆಯೇ? ಪೂರ್ತಿ ಹಾಗೆನ್ನಲಾರೆ. ಅಮೆರಿಕದ ಪ್ಯೂ ಸಂಸ್ಥೆ 2013ರಲ್ಲಿ ಹಲವು ದೇಶಗಳಲ್ಲಿ ಸಮೀಕ್ಷೆ ನಡೆಸಿತು. ಮದುವೆಯಾಚೆಯ ಸಂಬಂಧ ನೈತಿಕವಾಗಿ ಒಪ್ಪತಕ್ಕದ್ದಲ್ಲ ಎಂದವರು ಅಮೆರಿಕದಲ್ಲಿ ನೂರಕ್ಕೆ 84, ಫ್ರಾನ್ಸಿನಲ್ಲಿ 47. 1996ರಲ್ಲಿ ಮಾಜಿ ಅಧ್ಯಕ್ಷ ಮಿತ್ತೆರಾಂ ಅಂತ್ಯಕ್ರಿಯೆಯಲ್ಲಿ ಹೆಂಡತಿ ಮಕ್ಕಳ ಜೊತೆ ಅವರ ಇನ್ನೊಂದು ಕುಟುಂಬವೂ ನಿಂತಿತ್ತು. ಆದರೆ ಇದೇ ಫ್ರಾನ್ಸಿನ 1810ರ ದಂಡ ಸಂಹಿತೆ ಬೇರೆ ಚಿತ್ರ ಕೊಡುತ್ತದೆ. ತಪ್ಪಿದ ಹೆಂಡತಿಗೆ ಮೂರು ತಿಂಗಳಿಂದ ಎರಡು ವರ್ಷ ಸೆರೆ. ತಪ್ಪಿದ ಗಂಡನಿಗೆ ದಂಡ ಮಾತ್ರ, ಅದೂ ಇಟ್ಟುಕೊಂಡವಳನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ. ಸ್ವಂತ ಮನೆಯಲ್ಲಿ ಹೆಂಡತಿಯನ್ನೂ ಪ್ರೇಮಿಯನ್ನೂ ಒಟ್ಟಿಗೆ ಹಿಡಿದು ಕೊಂದ ಗಂಡನಿಗೆ ಕಾನೂನೇ ರಿಯಾಯಿತಿ ಕೊಡುತ್ತಿತ್ತು. ಇವೆಲ್ಲ ಹೋದದ್ದು 1975ರಲ್ಲಿ. ಇಂಗ್ಲಿಷರು ಓರೆ ಅಕ್ಷರದಲ್ಲಿ ಬರೆದುಕೊಂಡ 'ಕ್ರೀಂ ಪಾಸಿಯೊನೆಲ್', ಅಂದರೆ ಪ್ರೇಮದ ಕೊಲೆ, ಈ ನೆಲದಲ್ಲಿ ಬೆಳೆದ ಮಾತು. ರಸಿಕರ ನಾಡು ಎಂಬ ಹೆಸರಿನ ಅಡಿಯಲ್ಲಿ ಫ್ರೆಂಚ್ ಹೆಂಗಸಿನ ಪಾಡು ಹೀಗಿತ್ತು.

ತಪ್ಪನ್ನು ಪಕ್ಕದ ಊರಿನ ಹೆಸರಿಗೆ ಬರೆಯುವ ಚಾಳಿ ಎಲ್ಲ ಕಡೆಯೂ ಇದೆ. ಗುಹ್ಯರೋಗವನ್ನು ಇಂಗ್ಲಿಷರು ಫ್ರೆಂಚ್ ರೋಗ ಎಂದರು, ಫ್ರೆಂಚರು ನೇಪಲ್ಸ್ ರೋಗ ಎಂದರು. ಹೇಳದೆ ಕೇಳದೆ ಜಾಗ ಖಾಲಿ ಮಾಡುವುದು ಇಂಗ್ಲಿಷಿನಲ್ಲಿ ಫ್ರೆಂಚ್ ರಜೆ, ಫ್ರೆಂಚಿನಲ್ಲಿ ಇಂಗ್ಲಿಷರ ಹಾಗೆ ಜಾರಿಕೊಳ್ಳುವುದು. ನಮ್ಮವರೂ ಹಿಂದೆ ಬೀಳಲಿಲ್ಲ. 16ನೇ ಶತಮಾನದ ಆಯುರ್ವೇದ ಗ್ರಂಥ 'ಭಾವಪ್ರಕಾಶ'ದಲ್ಲಿ ಅದೇ ಕಾಯಿಲೆಗೆ ಫಿರಂಗ ರೋಗ ಎಂದು ಹೆಸರು. ಪೋರ್ಚುಗೀಸರು ತಂದದ್ದೆಂದು ಆ ಹೆಸರು ಬಂತು. ಫಿರಂಗಿ, ಪರಂಗಿ ಎಂಬ ಪದದ ಮೂಲ 'ಫ್ರಾಂಕ್', ಫ್ರಾನ್ಸ್ ಎಂಬ ಹೆಸರಿಗೂ ಅದೇ ಮೂಲ.

ಆಕ್ಸ್‌ಫರ್ಡ್ ನಿಘಂಟು ಕಟ್ಟಿದ ಜೇಮ್ಸ್ ಮರ್ರೆ ಪದಗಳನ್ನು ಪೌರತ್ವದ ಲೆಕ್ಕದಲ್ಲಿ ನಾಲ್ಕು ಬಗೆ ಮಾಡಿದ್ದರು: ಮನೆಯವು, ಬಂದು ನೆಲೆಸಿದವು, ಪರಕೀಯ, ಬಂದುಹೋಗುವವು. ಪೂರ್ತಿ ಒಳಗೆ ಬಾರದ ಪದದ ಮುಂದೆ ಎರಡು ನಿಲುಗೆರೆ ಹಾಕುತ್ತಿದ್ದರು. ಅಫೇರ್ ಎಂಬ ಪದ ಆ ಗೆರೆಯ ಎರಡೂ ಕಡೆ ಬಾಳಿದೆ. ಈಗಂತೂ ಇಂಗ್ಲಿಷಿಗೆ ಇಂಥದ್ದಕ್ಕೆ ಫ್ರೆಂಚಿನ ಹಂಗಿಲ್ಲ. ಹುಡುಗ ಹುಡುಗಿಯರು ತಮ್ಮದೇ ಪದ ಕಟ್ಟಿಕೊಳ್ಳುತ್ತಾರೆ, 'ಸಿಚುಯೇಶನ್‌ಶಿಪ್' ಅಂಥದ್ದೊಂದು. ಹೇಳಿಕೊಳ್ಳಲು ನಾಚಿಕೆ ಇಲ್ಲದಾದಾಗ ಎರವಲು ಬೇಕಾಗುವುದಿಲ್ಲ.

ಇಂಗ್ಲಿಷ್ ಇಳಿಸಿದ ಹೊರೆಯನ್ನು ಕನ್ನಡ ಎತ್ತಿಕೊಂಡಿತು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು ಇಂಗ್ಲಿಷಿನಿಂದ ನಮಗೆ ಬಂತು. ನಮ್ಮಲ್ಲಿ 'ಅಫೇರ್' ಎಂದರೆ ವ್ಯಾಪಾರವಲ್ಲ, ಸಂಗತಿಯಲ್ಲ, ಅದೊಂದೇ ಅರ್ಥ. ಅಂತಸ್ತಿನ ಹಂಚಿಕೆಯೂ ಹಾಗೆಯೇ ಬಂದಿದೆ. ಸಿನಿಮಾ ಪುಟದಲ್ಲಿ ನಟ ನಟಿಯರಿಗೆ ಅಫೇರ್. ಜಿಲ್ಲಾ ಪುಟದಲ್ಲಿ ಕೂಲಿ ಹೆಂಗಸಿಗೆ ಅನೈತಿಕ ಸಂಬಂಧ. ಹಳ್ಳಿಯ ಜಗಳದಲ್ಲಿ ಹಾದರ. ಮೂರು ಕಡೆಯೂ ನಡೆದದ್ದು ಒಂದೇ. ಸುದ್ದಿಮನೆಯ ಗೆಳೆಯರು ಇದನ್ನೊಮ್ಮೆ ಯೋಚಿಸಬೇಕು. ನಟಿಗೆ ಸಿಗುವ ಮೃದುತ್ವ ಕೂಲಿ ಹೆಂಗಸಿಗೂ ಸಿಗಲಿ. ಸತ್ತವಳ ಹೆಸರಿನ ಪಕ್ಕ 'ಅನೈತಿಕ' ಎಂದು ತೀರ್ಪು ಬರೆಯುವ ಅಧಿಕಾರ ವರದಿಗಾರರಿಗಿಲ್ಲ.

ನಮ್ಮಲ್ಲಿ ಪದಕ್ಕೆ ಬರವಿದೆ ಎಂಬುದೂ ಸುಳ್ಳು. ಹಳಗನ್ನಡದಲ್ಲಿ ಒಲವಿಗೆ 'ಬೇಟ' ಎಂಬ ಪದ ಇತ್ತು. ಸುಮಾರು 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿ ಕತ್ತಲಲ್ಲಿ ಕೇಳಿದ ಹಾಡಿಗೆ ಸೋತು ಮಾವುತನ ಬೆನ್ನು ಹತ್ತುತ್ತಾಳೆ. ರಾಣಿ ಮತ್ತು ಮಾವುತ ಎಂಬ ಆ ದೂರವನ್ನು ಜನ್ನ ಮುಚ್ಚಿಡಲಿಲ್ಲ. ಬೇಟ ಎಂಬ ಪದ ಇಂದಿನ ಕಿವಿಗೆ ಬೇಟೆಯಾಗಿ ಕೇಳುತ್ತದೆ, ಅದನ್ನು ಮತ್ತೆ ಬಳಕೆಗೆ ತರುವುದು ಕಷ್ಟ. ಆಡುಮಾತು ನಮ್ಮ ಕೈ ಬಿಟ್ಟಿಲ್ಲ. 'ಅವರಿಬ್ಬರ ಮಧ್ಯೆ ಏನೋ ಇದೆ' ಅನ್ನುತ್ತಾರೆ ಮೈಸೂರಿನ ಕಡೆ. 'ಏನೋ ನಡದೈತಿ' ಅನ್ನುತ್ತಾರೆ ಧಾರವಾಡದ ಕಡೆ. ಫ್ರೆಂಚಿನ 'ಮಾಡಬೇಕಾದದ್ದು' ಎಂಬಷ್ಟೇ ಮಸುಕು, ಅಷ್ಟೇ ಸ್ಪಷ್ಟ. 'ಸಂಬಂಧ' ಎಂಬ ಪದವಂತೂ ಲಿಯೇಸನ್‌ನ ಒಡಹುಟ್ಟು. ಅದರ ಒಳಗೂ ಕಟ್ಟು, ಬಂಧ ಇದೆ. ಹುಡುಗಿಗೆ ಒಳ್ಳೆ ಸಂಬಂಧ ಬಂದಿದೆ ಎಂದರೆ ಮದುವೆ, ಅವರಿಗೆ ಸಂಬಂಧ ಇದೆ ಎಂದರೆ ಗುಟ್ಟು. ಎಲ್ಲಕ್ಕಿಂತ ಹತ್ತಿರದ್ದು 'ವಿಷಯ'. ವಿಷಯ ಎಂದರೆ ಸಂಗತಿ, ವಿಷಯಾಸಕ್ತಿ ಎಂದಾಗ ಅದೇ ಇಂದ್ರಿಯ ಸುಖ. 'ಅವರಿಬ್ಬರ ವಿಷಯ ಗೊತ್ತಾ?' ಎಂದು ಯಾರಾದರೂ ದನಿ ತಗ್ಗಿಸಿ ಕೇಳಿದರೆ ಯಾವ ವಿಷಯ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಅನುವಾದದ ಖಾಲಿ ಜಾಗದಲ್ಲಿ ಈಗ ಆ ಪದವೇ ಇದೆ. ಊಟ ಮುಗಿಸಿದ ಆ ಇಬ್ಬರು ಗಂಡಸರು 'ಅವನ ವಿಷಯ' ಎಂದು ಮಾತಾಡಿಕೊಳ್ಳುತ್ತಾರೆ, ಓರೆ ಅಕ್ಷರ ತೆಗೆದಿದ್ದೇನೆ. ನಿಮ್ಮ ಊರಿನಲ್ಲಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದಕ್ಕೆ ಬೈಗುಳವಲ್ಲದ ಬೇರೆ ಮಾತೇನಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.